ಕೂತು ನುಡಿಸುವ ವಾದ್ಯದ ಬಗ್ಗೆ ನನ್ನ ಅಭಿಪ್ರಾಯ

ಆರ್.ಟಿ. ನಗರ
ಸೋಮವಾರ, ೧೭ ನವೆಂಬರ್ ೨೦೨೫

ಕೆಂಪಾಪುರದ ಶ್ರೀಮತಿ ನಾಗಲಕ್ಷ್ಮಿಯವರಿಗೆ, ಅಂದರೆ ನಾಗುಗೆ,

ನಿನ್ನ ಪತ್ರ ತಲುಪಿತು. ಅದನ್ನು ತಲುಪಿಸಲು ನಿನ್ನ ತಮ್ಮ ಸತೀಶ ತನ್ನ ಕಾರನ್ನೂ ಡ್ರೈವರನ್ನೂ ಕಳಿಸಿದ್ದ. ಆ ಕಾರು ನಮ್ಮ ಬೀದಿಯೊಳಗೆ ಹಿಡಿಸದೆ, ಹಿಂದಕ್ಕೂ ಹೋಗಲಾಗದೆ, ಸೊಪ್ಪಿನ ಗಾಡಿಯವಳ ಜೊತೆ ಜಗಳಕ್ಕೆ ನಿಂತಿತ್ತು. ಎರಡು ಹಾಳೆ ಕಾಗದ ಹೊರಲು ಅಷ್ಟು ದೊಡ್ಡ ಕಾರು. ಫೋನು ಮಾಡಿದರೆ ನಾನು ಎತ್ತುವುದಿಲ್ಲ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ ಎಂದಿದ್ದೀ. ಸರಿಯಾಗಿಯೇ ಗೊತ್ತಿದೆ. ಕತ್ತಿನ ಆಪರೇಷನ್ ಆಗಿ ತಿಂಗಳು ತುಂಬುವ ಮೊದಲೇ ನೀನು ನಿನ್ನ ವಯೊಲಿನ್ನನ್ನು ಸತೀಶನ ಮನೆಯ ಷೋಕೇಸಿಗೆ, ಸಿಂಗಪುರದ ಗೊಂಬೆಗಳ ಪಕ್ಕಕ್ಕೆ, ಕೊಟ್ಟೆ ಎಂದು ತಿಳಿದ ದಿನದಿಂದ ನಾನು ಎತ್ತಿಲ್ಲ.

ನೀನು ಕೇಳಿರುವುದು ಇಷ್ಟು. ಗಲ್ಲದ ಕೆಳಗೆ ವಯೊಲಿನ್ ಇಡುವುದು ನಿನ್ನಿಂದ ಇನ್ನು ಆಗದು. ಅದಕ್ಕೆ ವಿಯೋಲ ದ ಗಾಂಬಾ ಎಂಬ, ಕಾಲ ನಡುವೆ ಇಟ್ಟು ನುಡಿಸುವ, ಯುರೋಪಿನವರೇ ಬೇಸತ್ತು ಇನ್ನೂರೈವತ್ತು ವರ್ಷದ ಹಿಂದೆ ಅಟ್ಟಕ್ಕೆ ಹಾಕಿದ ಒಂದು ವಾದ್ಯವನ್ನು ಕಲಿಯುತ್ತಿದ್ದೀ. ನಾವಿಬ್ಬರೂ ಪ್ರತಿ ಗುರುವಾರ ನುಡಿಸುತ್ತಿದ್ದ, ಮುನ್ನೂರು ವರ್ಷ ಹಳೆಯ, ಯುರೋಪಿನ ಬರೋಕ್ ಕಾಲದ ಆ ಆರು ವಯೊಲಿನ್ ಡ್ಯುಯೆಟ್ಟುಗಳು ಈ ವಾದ್ಯಕ್ಕೆ ಒಗ್ಗುತ್ತವೆಯೇ ಎಂದು ನಾನು ಹೇಳಬೇಕು. ಒಗ್ಗುತ್ತವೆ ಎಂದರೆ ಮತ್ತೆ ಗುರುವಾರ ಶುರು, ನಾನು ವಯೊಲಿನ್, ನೀನು ಗಾಂಬಾ. ಇಲ್ಲ ಎಂದರೆ ಶುಕ್ರವಾರ ಅದನ್ನು ಯಲಹಂಕದ ಸಂಗೀತ ಶಾಲೆಗೆ ಕೊಟ್ಟುಬಿಡುತ್ತೀ, ಇನ್ನು ಬದುಕಿರುವವರೆಗೆ ತಂತಿ ಮುಟ್ಟುವುದಿಲ್ಲ. ಸತೀಶ ಫ್ಲ್ಯಾಟು ಮಾರುವಾಗಲೂ ಹೀಗೇ ಶುಕ್ರವಾರದ ಗಡುವು ಹಾಕುತ್ತಾನೆಂದು ಕೇಳಿದ್ದೇನೆ. ರಕ್ತ ಎಲ್ಲಿ ಹೋಗುತ್ತದೆ.

ಬಂದ ಪತ್ರವನ್ನೆಲ್ಲ ನಿನ್ನ ಅಮ್ಮನಿಗೆ ಓದಿ ಹೇಳುವ ಅಭ್ಯಾಸ ನಿನಗಿದೆ. ಇದನ್ನೂ ಓದು. ಕೃಷ್ಣಮ್ಮನವರಿಗೂ ಅರ್ಥವಾಗಲೆಂದು ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ನಡುವೆ ಹಾರಿಸಿ ಓದಬೇಡ, ಅವರಿಗೆ ಕಿವಿ ಚೆನ್ನಾಗಿದೆ.

ಮೊದಲು ವಾದ್ಯದ ಮಾತು. ನೋಡುವುದಕ್ಕೆ ಅದು ಉಂಡು ಮಲಗಿ ಎದ್ದ ವಯೊಲಿನ್. ಭುಜ ಜಾರಿದೆ, ಹೊಟ್ಟೆ ಬಂದಿದೆ. ಕುತ್ತಿಗೆಗೆ ಕರುಳಿನ ದಾರ ಸುತ್ತಿ ಏಳು ಮೆಟ್ಟು ಕಟ್ಟಿರುತ್ತಾರೆ, ಬೆರಳು ಎಲ್ಲಿಡಬೇಕೆಂದು ಕಿವಿಯಿಂದ ತಿಳಿಯಲಾರದವರ ಅನುಕೂಲಕ್ಕೆ. ಆ ದಾರ ದಿನಕ್ಕೊಮ್ಮೆ ಜಾರುತ್ತದೆ, ತಂತಿ ಗಂಟೆಗೊಮ್ಮೆ ಇಳಿಯುತ್ತದೆ. ಹೆಬ್ಬಾಳ ಕೆರೆಯ ಕಡೆಯಿಂದ ಸ್ವಲ್ಪ ತೇವದ ಗಾಳಿ ಬೀಸಿದರೆ ಮುಗಿಯಿತು, ಮತ್ತೆ ಮೊದಲಿನಿಂದ ಶ್ರುತಿ. ಬಿಲ್ಲನ್ನು ಮೇಲಿನಿಂದ ಹಿಡಿಯುವಂತಿಲ್ಲ, ಅಂಗೈ ಮೇಲೆ ಮಾಡಿ, ಬೇಡುವವರ ಹಾಗೆ, ಕೆಳಗಿನಿಂದ ಹಿಡಿಯಬೇಕು. ವಯೊಲಿನ್ನಿನಲ್ಲಿ ಬಿಲ್ಲು ಎಳೆದಾಗ ತೂಕ ಬೀಳುತ್ತದೆ, ಇದರಲ್ಲಿ ತಳ್ಳಿದಾಗ. ಜೀವಮಾನವೆಲ್ಲ ಎಳೆದ ಕೈಗೆ ಅದು ಎತ್ತನ್ನು ಗಾಡಿಗೆ ಹಿಂದುಮುಂದಾಗಿ ಕಟ್ಟಿದ ಹಾಗೆ. ಮೀನಖಂಡಗಳಲ್ಲಿ ಒತ್ತಿ ಹಿಡಿದು ಕೂರಬೇಕಾದ್ದರಿಂದ ಮೊದಮೊದಲು ಎರಡೆರಡು ದಿನ ಮಹಡಿ ಇಳಿಯಲಾಗುವುದಿಲ್ಲವಂತೆ. ಹಾಗೆಂದು ಕೇಳಿದ್ದೇನೆ.

ಕೃಷ್ಣಮ್ಮನವರು ನಿನ್ನನ್ನು ನೋಡಿ, 'ಆಲು ಕರ್ಯಾಕೆ ಕುಂತಂಗೆ ಕುಂತವ್ಳೆ, ಚೊಂಬು ಮಾತ್ರ ಕಾಣ್ತಿಲ್ಲ' ಎಂದರೆಂದು ಬರೆದು ನನ್ನನ್ನು ನಗಿಸಲು ನೋಡಿದ್ದೀ. ನಗು ಬಂತು. ನಿನ್ನ ಇಡೀ ಪತ್ರದಲ್ಲಿ ಸರಿಯಾಗಿ ಮಾತಾಡಿದವರು ಅವರೊಬ್ಬರೇ. ಮೊಣಕಾಲ ನಡುವೆ ಚೊಂಬು ಹಿಡಿದು ಕೂರುವುದು ನಿಮ್ಮ ಮನೆಯ ಹೆಂಗಸರಿಗೆ ಹುಟ್ಟಿನಿಂದ ಬಂದ ವಿದ್ಯೆ. ನಮ್ಮವ್ವನಿಗೆ ಅದು ಗೊತ್ತಿರಲಿಲ್ಲ. ನಿಮ್ಮ ಕೊಟ್ಟಿಗೆಯನ್ನು ಇಪ್ಪತ್ತು ವರ್ಷ ಗುಡಿಸಿದವಳು ಅವಳು, ಸಗಣಿ ಬಾಚಿದವಳು ಅವಳು, ಆದರೆ ಕೆಚ್ಚಲಿಗೆ ಕೈ ಹಾಕಲು ಮಾತ್ರ ನಿಮ್ಮವರೇ ಆಗಬೇಕಿತ್ತು. ನಮ್ಮ ಕೇರಿಯ ಕೈ ತಾಗಿದರೆ ಹಾಲು ಒಡೆಯುತ್ತದೆ ಎಂದಿರಬೇಕು. ಆ ಕೊಟ್ಟಿಗೆಯ ಜಾಗದಲ್ಲಿ ಈಗ ಪೇಯಿಂಗ್ ಗೆಸ್ಟ್ ಕಟ್ಟಡವಿದೆ. ಅಲ್ಲಿ ಗುಡಿಸುವವರು ಯಾರೆಂದು ನಾನು ವಿಚಾರಿಸಿಲ್ಲ.

ಸತೀಶನದು ಬೇರೆಯೇ ಕಥೆ. ಅಕ್ಕ ನುಡಿಸುವುದು ಬರೋಕ್ ಸಂಗೀತ ಎಂದು ಯಾರೋ ಅವನಿಗೆ ಹೇಳಿದರು. ಪದ ತೂಕವಾಗಿದೆ ಎಂದು ದ್ರಾಕ್ಷಿ ತೋಟ ಕಿತ್ತು ಎಬ್ಬಿಸಿದ ಅಪಾರ್ಟ್‌ಮೆಂಟಿಗೆ 'ಬರೋಕ್ ಬ್ಲಿಸ್' ಎಂದು ಹೆಸರಿಟ್ಟ. ಗೇಟಿನ ಮೇಲೆ ಪ್ಲಾಸ್ಟರಿನ ಗಂಧರ್ವರು, ಕೈಯಲ್ಲಿ ಕೊಳಲು. ಬಸ್ಸಿನ ಕಿಟಕಿಯಿಂದ ನೋಡಿದೆ, ಒಬ್ಬ ಗಂಧರ್ವನಿಗೆ ಈಗಾಗಲೇ ಮೂಗಿಲ್ಲ. ನೀನು ಗಾಂಬಾ ಕಲಿಯಲು ಶುರು ಮಾಡಿದ ಸುದ್ದಿಯನ್ನು ಯುಗಾದಿಯ ಹೊತ್ತಿಗೇ ಊರಿಗೆಲ್ಲ ಸಾರಿದವನೂ ಅವನೇ. ಈಗ ನೀನು ಗುಟ್ಟು ಹೇಳುವವಳ ಹಾಗೆ ಬರೆದಿದ್ದೀ.

ಕಣ್ಣಾರೆ ನೋಡದೆ ಅಭಿಪ್ರಾಯ ಕೊಡಬಾರದೆಂದು ಯಲಹಂಕದ ಆ ಶಾಲೆಗೂ ಹೋಗಿ ಬಂದೆ. ಹೆಬ್ಬಾಳದ ಮೇಲ್ಸೇತುವೆ ದಾಟುವಷ್ಟರಲ್ಲಿ ಒಂದು ಇಡೀ ಡ್ಯುಯೆಟ್ಟನ್ನು ಮನಸ್ಸಿನಲ್ಲೇ ನುಡಿಸಿ ಮುಗಿಸಬಹುದು, ತಪ್ಪಿದ ಕಡೆ ಹಿಂದಕ್ಕೂ ಹೋಗಿ ಬರಬಹುದು. ಶಾಲೆ ಒಂದು ಸೋಫಾ ಅಂಗಡಿಯ ಮೇಲಿದೆ, ಪಕ್ಕದಲ್ಲಿ ಬಿರಿಯಾನಿ ಹೋಟೆಲು. ಕಾಯುವ ಕೋಣೆಯಲ್ಲಿ ತಾಯಂದಿರು ತಮ್ಮ ಮಕ್ಕಳನ್ನು ಹೆಸರಿನಿಂದ ಕರೆಯುವುದಿಲ್ಲ, ಗ್ರೇಡಿನಿಂದ ಕರೆಯುತ್ತಾರೆ. 'ನಮ್ಮವನು ಫೋರ್ ಮುಗೀತು, ಫೈವ್‌ಗೆ ಕೂರ್ಸೋಣ ಅಂತ' ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಮಗು ಪಕ್ಕದಲ್ಲಿ ಬಿಲ್ಲಿನಿಂದ ಬೆನ್ನು ಕೆರೆದುಕೊಳ್ಳುತ್ತಿತ್ತು.

ನಿನ್ನ ಗುರು ನಯನಾ ಅಲ್ಲಿ ಸಿಕ್ಕಳು. ಟಿ. ದಾಸರಹಳ್ಳಿಯ ಹುಡುಗಿ, ಹಾಲೆಂಡಿನಲ್ಲಿ ಕಲಿತು ಬಂದವಳು, ವಯಸ್ಸು ನನ್ನ ಕೊಡೆಗಿಂತ ಸ್ವಲ್ಪ ಹೆಚ್ಚು. ಹೆಸರು ಹೇಳಿದ್ದೇ ತಡ, 'ಓ, ಫಸ್ಟ್ ವಯೊಲಿನ್ ಆಂಟಿ ನೀವೇನಾ? ನಾಗು ಆಂಟಿ ಕ್ಲಾಸಲ್ಲಿ ಬರೀ ನಿಮ್ ವಿಷ್ಯನೇ ಮಾತಾಡ್ತಾರೆ' ಎಂದಳು. ಕಲಿಯಲು ದುಡ್ಡು ಕೊಟ್ಟು ನನ್ನ ವಿಷಯ ಮಾತಾಡುವುದು ಎಂಥ ದುಂದು ಎಂದು ಯೋಚಿಸು. 'ಸುಮ್ನೆ ಒಂದ್ಸಲ ಹಿಡ್ದು ನೋಡಿ ಆಂಟಿ, ಕಚ್ಚಲ್ಲ' ಎಂದು ವಾದ್ಯವನ್ನು ನನ್ನ ಮುಂದೆ ತಳ್ಳಿದಳು. ಸೌಜನ್ಯಕ್ಕೆ ಹಿಡಿದೆ. ಎರಡು ಸಲ ಬಿಲ್ಲು ಆಡಿಸುವಷ್ಟರಲ್ಲಿ, 'ಅಯ್ಯೋ ಅಮುಕ್ಬೇಡಿ, ತೋಳಿಂದ ತಳ್ಳಿ, ಎಳೀಬೇಡಿ' ಎಂದಳು. ಕಾನ್ವೆಂಟಿನಲ್ಲಿ ನಮ್ಮಿಬ್ಬರಿಗೂ ವಯೊಲಿನ್ ಕಲಿಸಿದ ಸಿಸ್ಟರ್ ಬೆನೆಡಿಕ್ಟಾ ತೀರಿಕೊಂಡ ಮೇಲೆ ನನ್ನ ಬಿಲ್ಲಿನ ಬಗ್ಗೆ ಮಾತಾಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಹುಡುಗಿಗೆ ಕಿವಿಯಿದೆ, ಅಷ್ಟು ಮಾತ್ರ ಒಪ್ಪುತ್ತೇನೆ.

ಇನ್ನು ನೀನು ಫೋನಿಗೆ ಕಳಿಸಿದ ರೆಕಾರ್ಡಿಂಗು. ಮೂರನೆಯ ಡ್ಯುಯೆಟ್ಟಿನ ನಿಧಾನದ ಭಾಗ, ನಿನ್ನ ಎರಡನೆಯ ಪಾತ್ರ. 'ಎಲ್ಲ ಸ್ವರವೂ ಕೈಗೆ ಸಿಗುತ್ತವೆ, ಈ ವಾದ್ಯಕ್ಕೆಂದೇ ಬರೆದ ಹಾಗಿದೆ' ಎಂದು ಹಿಗ್ಗಿದ್ದೀ. ಹಿಗ್ಗುವ ಮೊದಲು ನೀನು ಏನು ಮಾಡಿದೆ ಎಂದು ತಿಳಿದುಕೊ. ನಮ್ಮ ಹಳೆಯ ಫ್ರೆಂಚ್ ಸ್ವರಲಿಪಿಯ ಪ್ರತಿಯಲ್ಲಿ, ಯಾವ ಗೆರೆಗೆ ಯಾವ ಸ್ವರವೆಂದು ತಿಳಿಸಲು ಸಾಲಿನ ಮೊದಲಿಗೆ ಹಾಕುವ ವಯೊಲಿನ್ನಿನ ಗುರುತನ್ನು, ಐದು ಗೆರೆಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಗೆರೆಗೆ ಹಾಕಿದ್ದಾರೆ. ಗಾಂಬಾದವರು ಓದುವ ಮಂದ್ರದ ಗುರುತೇ ಬೇರೆ. ಆದರೆ ಇವೆರಡರಲ್ಲೂ ಯಾವ ಗೆರೆಗೆ ಯಾವ ಸ್ವರ ಎಂಬ ಹೆಸರು ಮಾತ್ರ ಒಂದೇ ಬರುತ್ತದೆ. ಎಂಟು ತಿಂಗಳಿನಿಂದ ಮಂದ್ರದ ಗುರುತಿನಲ್ಲೇ ಮುಳುಗಿರುವ ನೀನು ಹಳೆಯ ಪ್ರತಿಯನ್ನು ತೆರೆದು, ಗುರುತು ನೋಡದೆ, ಅದೇ ಅಭ್ಯಾಸದಲ್ಲಿ ಓದಿಕೊಂಡು ಹೋದೆ. ಹೆಸರು ಒಂದೂ ತಪ್ಪಲಿಲ್ಲ, ಎಲ್ಲ ಸ್ವರವೂ ಎರಡು ಸ್ಥಾಯಿ ಕೆಳಗೆ ಬಂದವು. ಅಮ್ಮನಿಗೆ ಹೀಗೆ ಹೇಳು. ಸತೀಶನ ಕಟ್ಟಡದಲ್ಲಿ ನಾಲ್ಕನೆಯ ಮಹಡಿಯ ಮೂರನೆಯ ಮನೆಗೆ ಹೋಗಬೇಕಾದ ನೆಂಟ ಎರಡನೆಯ ಮಹಡಿಯ ಮೂರನೆಯ ಮನೆಯಲ್ಲಿ ಊಟಕ್ಕೆ ಕೂತಿದ್ದಾನೆ, ಅಡುಗೆ ಚೆನ್ನಾಗಿದೆ ಎಂದೂ ಹೊಗಳುತ್ತಿದ್ದಾನೆ. ಹದಿಮೂರನೆಯ ವಯಸ್ಸಿನಿಂದ ಆ ಪ್ರತಿಯನ್ನು ಓದಿದವಳು ನೀನು, ಸಿಸ್ಟರ್ ಬೆರಳಿಗೆ ಸ್ಕೇಲಿನಲ್ಲಿ ಹೊಡೆದು ಆ ಗುರುತನ್ನು ಕಲಿಸಿದ್ದರು. ಎಂಟು ತಿಂಗಳಿನಲ್ಲಿ ಎಲ್ಲ ನೀರುಪಾಲು.

ಆ ಪ್ರತಿಯ ಮುಖಪುಟದಲ್ಲೇ 'ವಯೊಲಿನ್, ಕೊಳಲು ಅಥವಾ ಗಾಂಬಾಗಳಿಗೆ' ಎಂದು ಅಚ್ಚಾಗಿದೆಯಲ್ಲ ಎಂದು ವಾದ ಹೂಡಿದ್ದೀ. ಅದು ಸಂಗೀತಗಾರನ ಮಾತಲ್ಲ, ಅಂಗಡಿಯವನ ಮಾತು. ಮಳಿಗೆಯ ಮುಂದೆ ಸತೀಶ 'ಕ್ಲಿನಿಕ್, ಬ್ಯಾಂಕ್, ಬ್ಯೂಟಿ ಪಾರ್ಲರ್ ಯಾವುದಕ್ಕೂ ಸೂಕ್ತ' ಎಂದು ಬೋರ್ಡು ನೇತು ಹಾಕುತ್ತಾನಲ್ಲ, ಅದೇ ಜಾತಿ. ಮುನ್ನೂರು ವರ್ಷದ ಹಿಂದೆಯೂ ಪ್ಯಾರಿಸ್ಸಿನಲ್ಲಿ ಸತೀಶರಿದ್ದರು.

ನೀನಿಲ್ಲದ ಈ ವರ್ಷ ನಾನು ಕೈಕಟ್ಟಿ ಕೂತಿದ್ದೆ ಎಂದುಕೊಳ್ಳಬೇಡ. ಎರಡನೆಯ ವಯೊಲಿನ್ನಿಗೆ ಜನ ಹುಡುಕಿದೆ. ಸಂಜಯನಗರದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದರು. ಸ್ವರವೆಲ್ಲ ಚೊಕ್ಕ, ಹಲ್ಲು ಕೀಳುವವರ ಹಾಗೆ ಒಂದೊಂದನ್ನೇ ಕಿತ್ತು ತಟ್ಟೆಗೆ ಹಾಕುತ್ತಿದ್ದರು. ಯಶವಂತಪುರದಿಂದ ರೈಲ್ವೆಯ ನಿವೃತ್ತರೊಬ್ಬರು ಬಂದರು. ತಪ್ಪಿದಾಗಲೆಲ್ಲ ನಿಲ್ಲಿಸಿ 'ಸಾರಿ ಮೇಡಂ' ಎನ್ನುತ್ತಿದ್ದರು, ನಾಲ್ಕನೆಯ ಸಾರಿಗೆ ನಾನು ಕಾಫಿ ತಂದುಬಿಟ್ಟೆ. ನೀನು ತಪ್ಪಿದಾಗ ನಿಲ್ಲಿಸುತ್ತಿರಲಿಲ್ಲ, ನನ್ನನ್ನು ನೋಡಿ ಹುಬ್ಬು ಏರಿಸಿ ನಾನೇ ತಪ್ಪಿದೆನೇನೋ ಎಂಬ ಅನುಮಾನ ಹುಟ್ಟಿಸಿ ಮುಂದೆ ಹೋಗುತ್ತಿದ್ದೆ. ಆ ಇಬ್ಬರೂ ಮತ್ತೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ರೆಕಾರ್ಡಿಂಗ್ ಹಚ್ಚಿಟ್ಟು, ಅದರ ಜೊತೆಗೆ ವಯೊಲಿನ್ನಿನಲ್ಲಿ ನನ್ನ ಮೊದಲನೆಯ ಪಾತ್ರ ನುಡಿಸಿ ನೋಡಿದೆ. ಕೆಟ್ಟದಾಗಿತ್ತು. ನಿನ್ನ ಕೈ ಕೆಟ್ಟದೆಂದಲ್ಲ. ಈ ಡ್ಯುಯೆಟ್ಟುಗಳನ್ನು ಮಾಡಿದವನು ಎರಡು ಸಮಾನ ವಾದ್ಯಗಳಿಗೆಂದು ಮಾಡಿದ್ದಾನೆ. ಕೃಷ್ಣಮ್ಮನವರಿಗೆ ಒನಕೆ ಕುಟ್ಟಿ ಗೊತ್ತು. ಒಂದೇ ಒರಳಿಗೆ ಇಬ್ಬರು ಕುಟ್ಟುವಾಗ ಒಬ್ಬಳದು ಏರಿದರೆ ಇನ್ನೊಬ್ಬಳದು ಇಳಿಯಬೇಕು. ಇಲ್ಲೂ ಹಾಗೆಯೇ. ಹೆಸರಿಗೆ ಮೊದಲನೆಯದು, ಎರಡನೆಯದು. ಆದರೆ ಎರಡನೆಯದು ಮೊದಲನೆಯದರ ಮೇಲೆ ಹತ್ತಿ ಹೋಗುತ್ತದೆ, ಮೊದಲನೆಯದು ಕೆಳಗೆ ನಿಂತು ಅದನ್ನು ಹೊರುತ್ತದೆ, ಮತ್ತೆ ಅದಲುಬದಲು. ಯಾರು ಯಾವಾಗ ಮೇಲೆ ಎಂದು ಕೇಳುವವರಿಗೆ ತಿಳಿಯಬಾರದು. ಒಬ್ಬಳನ್ನು ಎರಡು ಸ್ಥಾಯಿ ಕೆಳಗೆ ಇಳಿಸಿದರೆ ಹತ್ತುವುದೂ ಇಲ್ಲ, ದಾಟುವುದೂ ಇಲ್ಲ. ಎರಡು ಸ್ವರದ ನಡುವೆ ಐದರ ಅಂತರ ಇರಬೇಕಾದಲ್ಲಿ ತಲೆಕೆಳಗಾಗಿ ನಾಲ್ಕಾಗುತ್ತದೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ. ಮೇಲಿನವಳು ಸದಾ ಮೇಲೆ, ಕೆಳಗಿನವಳು ಸದಾ ಕೆಳಗೆ. ಅದಕ್ಕೆ ಡ್ಯುಯೆಟ್ ಎನ್ನುವುದಿಲ್ಲ, ಯಜಮಾನಿ ಮತ್ತು ಆಳು ಎನ್ನುತ್ತಾರೆ.

ನಿಧಾನದ ಭಾಗದಲ್ಲಿ, ಎರಡನೆಯ ಪುಟ ತಿರುಗಿಸಿದ ತಕ್ಷಣ, ನೀನು ನನ್ನನ್ನು ದಾಟಿ ಮೇಲೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ಉಳಿಯುವ ಜಾಗವಿದೆ. ಆಗ ನನ್ನದು ಬರೀ ಉದ್ದ ಸ್ವರ, ಕೆಳಗೆ. ಇಡೀ ಆರು ಡ್ಯುಯೆಟ್ಟಿನಲ್ಲಿ ನನಗೆ ಅದೊಂದು ಜಾಗ ಸಾಕು. ರೆಕಾರ್ಡಿಂಗಿನ ಜೊತೆ ಅಲ್ಲಿಗೆ ಬಂದಾಗ ನಾನು ಕೆಳಗಿಳಿದು ಕಾದೆ, ನೀನು ನನಗಿಂತ ಇನ್ನೂ ಕೆಳಗೆ ಎಲ್ಲೋ ಗೊಣಗುತ್ತಿದ್ದೆ. ನಾನು ವಯೊಲಿನ್ನನ್ನು ಮಂಚದ ಮೇಲಿಟ್ಟು ಅತ್ತೆ. ಇದನ್ನು ಸತೀಶನಿಗೆ ಹೇಳಬೇಕಾಗಿಲ್ಲ.

ಆದ್ದರಿಂದ ಕೇಳಿದ ಪ್ರಶ್ನೆಗೆ ಉತ್ತರ: ಒಂದು ವಯೊಲಿನ್, ಒಂದು ಗಾಂಬಾ ಎಂದರೆ ಆಗುವುದಿಲ್ಲ. ನಯನಾ ಬೇಕಾದರೆ ಹಾಲೆಂಡಿನ ಪುಸ್ತಕ ತೆಗೆದು ತೋರಿಸಲಿ, ಆಗುವುದಿಲ್ಲ. ಎರಡು ಗಾಂಬಾ ಎಂದರೆ ಆಗುತ್ತದೆ. ಇಬ್ಬರೂ ಆ ಹಳೆಯ ಪ್ರತಿಯನ್ನು ನೀನು ಓದಿದ ಹಾಗೆಯೇ ತಪ್ಪಾಗಿ ಓದಿದರೆ, ಇಬ್ಬರೂ ಎರಡೆರಡು ಮಹಡಿ ಇಳಿದರೆ, ದಾಟುವ ಕಡೆ ದಾಟುತ್ತವೆ, ಹತ್ತುವ ಕಡೆ ಹತ್ತುತ್ತವೆ, ಒಂದು ಅಂತರವೂ ಕೆಡುವುದಿಲ್ಲ. ಎರಡು ಮೂರು ಕಡೆ ತೀರಾ ತಗ್ಗಿನ ಸ್ವರ ವಾದ್ಯದಲ್ಲೇ ಇಲ್ಲ, ಅದನ್ನು ಮೇಲೆ ಎತ್ತಿಕೊಳ್ಳಬೇಕು. ಧ್ವನಿ ದಪ್ಪ, ಗಂಜಿಯಾಗಿದ್ದ ಹಾಡು ಮುದ್ದೆಯಾಗುತ್ತದೆ. ಆದರೆ ಮುದ್ದೆಯೂ ಊಟವೇ. ಇಬ್ಬರೂ ಒಟ್ಟಿಗೆ ಮಾಡಿದರೆ ಅದು ತಪ್ಪಲ್ಲ, ಅದೊಂದು ರೀತಿ.

ಸಂಗೀತದ ಮಾತು ಇಲ್ಲಿಗೆ ಮುಗಿಯಿತು. ಇನ್ನು ನಿನ್ನ ಪತ್ರದ ಕೊನೆಯ ಸಾಲು. 'ನಾನು ಕೂತು ನುಡಿಸುವಾಗ ನೀನು ನಿಂತಿರಲಾಗದು ಮಾಲಾ, ಅದಕ್ಕೇ ನಾನು ಈ ವಾದ್ಯವನ್ನು ಆರಿಸಿಕೊಂಡೆ' ಎಂದು ಬರೆದಿದ್ದೀ. ಬರೆದು, ಏನೂ ಆಗಿಲ್ಲವೆನ್ನುವ ಹಾಗೆ ಕೆಳಗೆ ಸಹಿ ಹಾಕಿದ್ದೀ.

ಅಂದರೆ ನಿನಗೆ ಗೊತ್ತಿತ್ತು.

ಕೃಷ್ಣಮ್ಮನವರಿಗೂ ನೆನಪಿರಬಹುದು. ಇಲ್ಲದಿದ್ದರೆ ಈಗ ಕೇಳಿಸಿಕೊಳ್ಳಲಿ. ಕಾನ್ವೆಂಟಿನ ವಯೊಲಿನ್ ಹಿಡಿದು ಮೊದಲ ಸಲ ನಿಮ್ಮ ಹಜಾರಕ್ಕೆ ಬಂದಾಗ ನನಗೆ ಹದಿನಾಲ್ಕು ವರ್ಷ. ನಿಮ್ಮ ದ್ರಾಕ್ಷಿ ತೋಟಕ್ಕೆ ನೀರು ಕಟ್ಟುತ್ತಿದ್ದ ನಮ್ಮಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಜಗಲಿಯ ಕೆಳಗೆ ನಿಂತಿದ್ದ. ದೊಡ್ಡಮುನಿಯಪ್ಪನವರ ಹೊಸಲು ದಾಟಿ ಚಿಕ್ಕಮಾರಯ್ಯನ ಮಗಳು ಒಳಗೆ ಬಂದದ್ದೇ ಆವತ್ತು ಊರಿಗೆ ದೊಡ್ಡ ಸುದ್ದಿ. ಸಿಸ್ಟರ್ ಬೆನೆಡಿಕ್ಟಾ ಜೊತೆಗಿದ್ದರು, ಅದಕ್ಕೆ ಬೇಡವೆನ್ನಲಾಗಲಿಲ್ಲ. ನೀನು ನನಗೆಂದು ಕುರ್ಚಿ ಎಳೆದೆ. ನಿಮ್ಮಪ್ಪ ಪೇಪರಿನಿಂದ ತಲೆ ಎತ್ತದೆ, 'ಪಿಟೀಲ್ನ ದೊರೆಗಳು ನಿಂತ್ಕಂಡೇ ಬಾರ್ಸೋದು, ಕುರ್ಚಿ ಯಾಕವ್ವಾ' ಎಂದರು. ಬಯ್ಯಲಿಲ್ಲ, ಗದರಲಿಲ್ಲ. ಕುರ್ಚಿ ಗೋಡೆಗೆ ಹೋಯಿತು. ನಾನು ನಿಂತು ನುಡಿಸಿದೆ. ನೀನೂ ನಿಂತೆ.

ನೀನು ಮದುವೆಯಾಗಿ ಮೈಸೂರಿನಲ್ಲಿದ್ದ ಆರು ವರ್ಷ ಬಿಟ್ಟರೆ ನಲವತ್ತು ವರ್ಷ ಹಾಗೆಯೇ ನಡೆಯಿತು. ನಿಮ್ಮಪ್ಪ ತೀರಿಕೊಂಡ ಮೇಲೆ ನಾನು ಕೂರಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಬೇಡವೆನ್ನದಿರುವುದು ಬೇರೆ, ಕೂರು ಎನ್ನುವುದು ಬೇರೆ. ಕೃಷ್ಣಮ್ಮನವರು ಕಾಫಿ ಕೊಟ್ಟರು, ಹಬ್ಬಕ್ಕೆ ಹೋಳಿಗೆ ಕೊಟ್ಟರು, ನನಗೆ ಟೈಫಾಯ್ಡ್ ಬಂದಾಗ ಎಳನೀರು ಕಳಿಸಿದರು, ಆ ಒಂದು ಮಾತು ಮಾತ್ರ ಹೇಳಲಿಲ್ಲ. ಹೇಳದೆ ಕೂರುವವಳು ನಾನಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಕಿಟಕಿಯ ಪಕ್ಕ ನಿಂತೇ ಕಾಫಿ ಕುಡಿದೆ. ಒಂದೇ ಮನೆಯಿಂದ ನಲವತ್ತು ವರ್ಷ ಬಸ್ಸು ಹಿಡಿಯಲು ಓಡಿದವಳು ಈ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ನಮ್ಮ ಮನೆಯಲ್ಲಿ ನುಡಿಸೋಣ ಬಾ ಎಂದರೆ ನಿನಗೆ ಪ್ರತಿ ಸಲವೂ ಕಾರು ಸಿಗುತ್ತಿರಲಿಲ್ಲ.

ನೀನು ನಿಂತದ್ದು ಸಂಗೀತಕ್ಕಾಗಿ ಎಂದು ನಾನು ನಂಬಿದ್ದೆ. ಪಾಪ, ಇವಳಿಗೆ ತಿಳಿದೇ ಇಲ್ಲ ಎಂದು ನಿನ್ನನ್ನು ಆ ಮನೆಯ ಲೆಕ್ಕದಿಂದ ಹೊರಗಿಟ್ಟಿದ್ದೆ. ಈಗ ನೋಡಿದರೆ ತಿಳಿದೇ ನಿಂತಿದ್ದೀ. ಕಾಲು ಊದಿಕೊಂಡ ದಿನವೂ ನಿಂತಿದ್ದೀ. ನನ್ನನ್ನು ಕೂರಿಸಲಾಗದೆ ನೀನೂ ಕೂರದೆ ಉಳಿದದ್ದು ಪ್ರೀತಿಯೇ ಇರಬಹುದು. ಆದರೆ ಅಪ್ಪನ ಮುಂದೆ ಆ ಕುರ್ಚಿಯನ್ನು ಇನ್ನೊಮ್ಮೆ ಎಳೆಯುವಷ್ಟು ಪ್ರೀತಿಯಲ್ಲ. ಅದಕ್ಕೆ ಹೇಡಿತನ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಒಂದು ಬಾಯಿ ಮಾತಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಆರು ತಂತಿ, ಏಳು ಮೆಟ್ಟು, ಕಡಲಾಚೆಯ ಮರ, ಹಾಲೆಂಡಿನಲ್ಲಿ ಓದಿದ ಹುಡುಗಿ. ನಿಮ್ಮ ಮನೆಯಲ್ಲಿ ಒಬ್ಬಳನ್ನು ಕೂರಿಸಲು ಇಷ್ಟೆಲ್ಲ ಸಲಕರಣೆ ಬೇಕಾಯಿತಲ್ಲ.

ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ. ಕೋಪ ಬಂತು, ಇನ್ನೂ ಇದೆ. ನಿನ್ನ ಮೇಲೆ ಕೋಪ ಬಂದಾಗ ನುಡಿಸಲು ಇನ್ನೊಬ್ಬರು ಬೇಕು, ಆ ಇನ್ನೊಬ್ಬರೂ ನೀನೇ ಆಗಿರುವುದು ನನ್ನ ಗ್ರಹಚಾರ.

ಶುಕ್ರವಾರ ವಾದ್ಯ ಕೊಡುವುದೋ ಬಿಡುವುದೋ ನಿನಗೆ ಸೇರಿದ್ದು. ಡ್ಯುಯೆಟ್ಟಿಗೆ ಎರಡು ಗಾಂಬಾ ಬೇಕು, ನಿನ್ನ ಬಳಿ ಇರುವುದು ಒಂದು. ಅಮ್ಮನ ಮಂಡಿಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಬೇಡ, ಚಳಿ ಶುರುವಾಗಿದೆ.

ನಿನ್ನ ಮೊದಲನೆಯ ವಯೊಲಿನ್ ಆಗಿದ್ದವಳು,
ಮಾಲಾ

ತಾ.ಕ.: ನಯನಾಳನ್ನು ಬಯ್ಯಬೇಡ. ನಿನ್ನ ಹತ್ತಿರ ಬಾಯಿ ಬಿಟ್ಟರೆ ಬಿಲ್ಲು ಮುರಿಯುತ್ತೇನೆ ಎಂದು ಹೆದರಿಸಿದವಳು ನಾನೇ. ಜೂನ್ ತಿಂಗಳಿನಿಂದ ಮಂಗಳವಾರ ಮಂಗಳವಾರ ಅವಳ ಬಳಿ ಹೋಗುತ್ತಿದ್ದೇನೆ. ನಿನ್ನ ಪಾಠ ಬುಧವಾರ ಎಂದು ಕೇಳಿಕೊಂಡೇ ಆ ದಿನ ಹಿಡಿದೆ. ಮೂರನೆಯದರ ನಿಧಾನದ ಭಾಗ ಒಂದು ಮಟ್ಟಿಗೆ ಬರುತ್ತದೆ, ಎರಡನೆಯ ಪಾತ್ರ ಮಾತ್ರ. ಮೊದಲನೆಯದು ಇನ್ನು ನೀನೇ ನುಡಿಸಬೇಕು, ಕೆಳಗೆ ಉದ್ದ ಸ್ವರ ಹಿಡಿಯುವ ಜಾಗಕ್ಕೆ ಬಂದಾಗ ನನಗಾಗಿ ಕಾದಿರು. ಶಾಲೆಯವರು ಅವರ ಗಾಂಬಾವನ್ನು ಗುರುವಾರದ ಮಟ್ಟಿಗೆ ಕೊಡಲು ಒಪ್ಪಿದ್ದಾರೆ, ಹತ್ತು ಗಂಟೆಗೆ ಬರುತ್ತೇನೆ. ಅಮ್ಮನಿಗೆ ಇದನ್ನು ಜೋರಾಗಿ ಓದು: ಕೂತ್ಕೋ ಎಂದು ಯಾರೂ ಹೇಳುವುದು ಬೇಡ. ನಾನೇ ಕೂರುತ್ತೇನೆ.